ಏಳನೆಯ ಡಬ್ಬಿ

ಚಿಕಾಗೋ ವಿಮಾನ ನಿಲ್ದಾಣ

ಯಾಕೆ ಬಂದಿರಿ ಎಂದು ಕೇಳಿದ ಅಧಿಕಾರಿಗೆ ನಾನು ನಿಜವನ್ನೇ ಹೇಳಿಬಿಟ್ಟೆ. ಒಂದು ಸಿನಿಮಾದ ಕೊನೆ ನೋಡಲು ಬಂದಿದ್ದೇನೆ ಎಂದೆ. ಆತ ಪಾಸ್‌ಪೋರ್ಟಿನಿಂದ ತಲೆ ಎತ್ತಿ ನನ್ನನ್ನೂ ನನ್ನ ಮಂಕಿ ಟೋಪಿಯನ್ನೂ ನೋಡಿದ. ಹಾಗಾದರೆ ಮೊದಲ ಭಾಗ ನೋಡಿದ್ದು ಯಾವಾಗ ಎಂದ. ನಲವತ್ತು ವರ್ಷದ ಮೇಲಾಯಿತು, ಅರಸೀಕೆರೆಯಲ್ಲಿ ಎಂದೆ. ಹೈಸ್ಕೂಲಿನಲ್ಲಿ ಜೀವಮಾನವೆಲ್ಲ ಇಂಗ್ಲಿಷ್ ಪಾಠ ಮಾಡಿದವನು ನಾನು, ವ್ಯಾಕರಣ ಒಂದಿಷ್ಟೂ ತಪ್ಪಿರಲಿಲ್ಲ. ಆದರೂ ಆತ ಪಕ್ಕದ ಗೂಡಿನವನನ್ನು ಕರೆದು, ಇವನಿಗೂ ಒಮ್ಮೆ ಹೇಳಿ ಎಂದ. ಹೇಳಿದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಆಮೇಲೆ ಕೊನೆ ಚೆನ್ನಾಗಿರಲಿ ಎಂದು ಹಾರೈಸಿ ಮೊಹರು ಒತ್ತಿದರು.

ಹೊರಗೆ ಶಾಹಿದಾ ಕಾಯುತ್ತಿದ್ದಳು. ನನ್ನ ಹಳೆಯ ವಿದ್ಯಾರ್ಥಿನಿ. ಈಗ ಚಿಕಾಗೋ ಪಕ್ಕದ ಲಿಸ್ಲ್‌ನಲ್ಲಿ ದಿನಸಿ ಅಂಗಡಿ ಇಟ್ಟಿದ್ದಾಳೆ. ಅವಳ ಜೊತೆಯಲ್ಲಿ, ಗಾಲಿಕುರ್ಚಿ ಬೇಡವೆಂದು ಹಟ ಮಾಡಿ ಕೋಲು ಊರಿ ನಿಂತಿದ್ದವರು ಅವಳ ತಂದೆ ಖಾದರ್ ಸಾಬರು. ನಮ್ಮೂರ ಟಾಕೀಸಿನಲ್ಲಿ ಮೆಷಿನ್ ಓಡಿಸುತ್ತಿದ್ದವರು, ನನ್ನ ಆಪ್ತ ಗೆಳೆಯರು. ಎಂಬತ್ತನಾಲ್ಕು ದಾಟಿದೆ. ಎರಡೂ ಕಣ್ಣು ಹೋಗಿವೆ. ಬೆಳಕು ಯಾವುದು, ಕತ್ತಲು ಯಾವುದು, ಅಷ್ಟು ಮಾತ್ರ ತಿಳಿಯುತ್ತದೆ. ನಾನು ಬಾಯಿ ಬಿಡುವ ಮೊದಲೇ ನನ್ನ ಚಪ್ಪಲಿಯ ಸದ್ದಿನಲ್ಲಿ ನನ್ನನ್ನು ಗುರುತು ಹಿಡಿದರು.

"ಬಂದ್ರಾ ಮೇಷ್ಟ್ರೇ? ಈ ಸಲ ಸಿಕ್ಕಿಹಾಕ್ಕೊಂಡ್ರಿ ನೋಡಿ."

ನಗುತ್ತಲೇ ಹೇಳಿದರು. ನನಗೆ ಮಾತ್ರ ಎದೆಯಲ್ಲಿ ಅಳುಕು ಶುರುವಾಯಿತು.

ಲಿಸ್ಲ್

ಯಾಕೆ ಅಳುಕು ಎಂದು ಹೇಳಬೇಕಾದರೆ ಅರಸೀಕೆರೆಗೆ ಒಮ್ಮೆ ಹೋಗಿಬರಬೇಕು.

ಆ ಕಾಲದಲ್ಲಿ ನಮ್ಮ ಟಾಕೀಸಿನಲ್ಲಿ ಭಾನುವಾರ ಬೆಳಗಿನ ಆಟಕ್ಕೆ ಇಂಗ್ಲಿಷ್ ಚಿತ್ರ ಹಾಕುತ್ತಿದ್ದರು. ಜನಕ್ಕೆ ಇಂಗ್ಲಿಷ್ ಬರದು. ಅದಕ್ಕೆ ಪರದೆಯ ಪಕ್ಕದಲ್ಲಿ ಒಂದು ಮೈಕು, ಮೈಕಿನ ಹಿಂದೆ ನಾನು. ಅವರು ನಾಲ್ಕು ಮಾತಾಡಿದರೆ ನಾನು ಅದನ್ನು ಕನ್ನಡದಲ್ಲಿ ಎರಡು ಮಾಡಿ ಹೇಳಬೇಕು. ಒಮ್ಮೊಮ್ಮೆ ಅವರು ಎರಡು ಮಾತಾಡಿದ್ದಕ್ಕೆ ನಾನು ಎಂಟು ಹೇಳಿದ್ದೂ ಉಂಟು, ಮುಚ್ಚಿಡುವುದೇಕೆ.

ಹಾಗೆ ಬಂದ ಒಂದು ಕಪ್ಪು-ಬಿಳುಪು ಚಿತ್ರ ಇದು. ಇಂಗ್ಲಿಷ್ ಹೆಸರು ನಮ್ಮೂರಿನವರ ನಾಲಿಗೆಗೆ ಒಗ್ಗಲಿಲ್ಲ, ಬಾಗಿಲು ಪಿಕ್ಚರ್ ಎಂದೇ ಕರೆದರು. ಒಬ್ಬಳು ಬಟ್ಟೆ ಹೊಲಿಯುವ ಹೆಂಗಸು. ಗಿರಣಿಯಲ್ಲಿ ಕಳ್ಳತನವಾಗುತ್ತದೆ. ಆ ಹೊತ್ತಿನಲ್ಲಿ ನಿನ್ನ ಗಂಡ ಗಿರಣಿಯ ಗೇಟಿನಿಂದ ಹೊರಗೆ ಬಂದದ್ದನ್ನು ಕಂಡೆಯಾ ಎಂದು ಕೋರ್ಟಿನಲ್ಲಿ ಕೇಳುತ್ತಾರೆ. ಕಂಡಿದ್ದಳು, ಹೌದೆನ್ನುತ್ತಾಳೆ. ಗಂಡ ಜೈಲಿಗೆ ಹೋಗುತ್ತಾನೆ. ಹತ್ತು ವರ್ಷ ಕಳೆದ ಮೇಲೆ ನಿಜವಾದ ಕಳ್ಳ ಸಿಗುತ್ತಾನೆ. ಅಷ್ಟು ವರ್ಷವೂ ಅವಳು ದಿನಾ ಬೆಳಿಗ್ಗೆ ಮೇಜಿನ ಮೇಲೆ ಎರಡು ಬಟ್ಟಲು ಇಟ್ಟು, ಒಂದಕ್ಕೆ ಮಾತ್ರ ಕಾಫಿ ಸುರಿದುಕೊಳ್ಳುತ್ತಿರುತ್ತಾಳೆ. ಚಿತ್ರದ ರೀಲು ಬರಬೇಕಾದದ್ದು ಏಳು ಡಬ್ಬಿಗಳಲ್ಲಿ. ಆರನೆಯ ಡಬ್ಬಿಯ ಕೊನೆಗೆ, ಹಿಮ ಬಿದ್ದ ಒಂದು ಬೆಳಿಗ್ಗೆ, ಬಿಡುಗಡೆಯಾದ ಗಂಡ ಬಂದು ಬಾಗಿಲು ತಟ್ಟುತ್ತಾನೆ.

ಸಾಬರು ಏಳನೆಯ ಡಬ್ಬಿಯ ರೀಲು ಓಡಿಸಿದರು. ಪರದೆಯ ಮೇಲೆ ಒಂದು ಎಮ್ಮೆ ಬಂತು.

ರೈಲಿನ ಪಾರ್ಸೆಲ್ಲಿನಲ್ಲಿ ಡಬ್ಬಿಗಳು ಅದಲುಬದಲಾಗಿ, ನಮ್ಮ ಪಾಲಿಗೆ ಗೋಬರ್ ಗ್ಯಾಸಿನ ಸಾಕ್ಷ್ಯಚಿತ್ರ ಬಂದಿತ್ತು. ಜನ ಒಂದು ಕ್ಷಣ ಆ ಎಮ್ಮೆಯೇ ಬಾಗಿಲು ತಟ್ಟಿತೇನೋ ಎಂದು ನೋಡಿದರು. ಸಾಬರು ದಡಬಡ ಮೆಷಿನ್ ನಿಲ್ಲಿಸಿದರು. ಟಾಕೀಸು ಕತ್ತಲಾಯಿತು, ಶಿಳ್ಳೆ, ಕೂಗು, ಕುರ್ಚಿ ಬಡಿಯುವ ಸದ್ದು. ಇನ್ನೊಂದು ನಿಮಿಷ ಬಿಟ್ಟಿದ್ದರೆ ಪರದೆ ಹರಿಯುತ್ತಿದ್ದರು. ನಾನು ಮೈಕು ಹಿಡಿದು, ಅವಳು ಹೊಲಿಗೆ ಮೆಷಿನ್ ನಿಲ್ಲಿಸಿ ಎದ್ದಳು ಎಂದುಬಿಟ್ಟೆ.

ಅಷ್ಟೇ. ಜನ ತೆಪ್ಪಗಾದರು. ಆ ಕತ್ತಲಲ್ಲಿ, ಕಾಣದ ಸಿನಿಮಾದ ಕೊನೆಯನ್ನು ನಾನು ಹೇಳುತ್ತಾ ಹೋದೆ. ಅವಳು ಬಾಗಿಲು ತೆಗೆದಳು ಎಂದು ನಾನು ಹೇಳುವುದಕ್ಕೂ, ಸಾಬರು ಮೇಲೆ ರೀಲೇ ಇಲ್ಲದ ಮೆಷಿನ್ನಿನ ಮುಚ್ಚಳ ತೆಗೆದು ಬರಿಯ ಬೆಳಕು ಬಿಡುವುದಕ್ಕೂ ಸರಿಹೋಯಿತು. ಪರದೆಯ ತುಂಬ ಬೆಳ್ಳಗೆ ಬೆಳಗಾಯಿತು. ನಾವಿಬ್ಬರೂ ಮೊದಲೇ ಮಾತಾಡಿಕೊಂಡದ್ದಲ್ಲ, ಅವರಿಗೇ ಹೊಳೆದದ್ದು. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಸೋಮವಾರ ಆರು ಡಬ್ಬಿಗಳೂ ಎಮ್ಮೆಯೂ ವಾಪಸು ಹೋದವು. ಅಸಲಿ ಏಳನೆಯದು ನಮ್ಮೂರಿಗೆ ಬರಲೇ ಇಲ್ಲ. ಎಷ್ಟೋ ವರ್ಷದವರೆಗೆ ಮದುವೆ ಮನೆಗಳಲ್ಲಿ ಜನ ನನ್ನನ್ನು ಹಿಡಿದು ಕೂರಿಸಿ ಆ ಕೊನೆಯನ್ನು ಹೇಳಿಸುತ್ತಿದ್ದರು. ನಾನು ಹೇಳುತ್ತಿದ್ದೆ, ಮೀಸೆ ತಿರುವುತ್ತಲೇ.

ಆದರೆ ಸಾಬರಿಗೆ ಅದೊಂದು ಮುಳ್ಳಾಗಿ ಉಳಿದಿತ್ತು. ನೀವು ಸುಳ್ಳು ಹೇಳಿದಿರಿ, ನಾನು ಅದಕ್ಕೆ ಬೆಳಕು ಹಿಡಿದೆ ಎನ್ನುವರು. ನಿಜವಾಗಿ ಅವಳು ಬಾಗಿಲು ತೆಗೆದಳೋ ಇಲ್ಲವೋ ತಿಳಿಯದೆ ನಾನು ಸಾಯುವುದಿಲ್ಲ ಎನ್ನುವರು. ಚಿತ್ರ ಎಲ್ಲೂ ಸಿಗುತ್ತಿರಲಿಲ್ಲ. ಸಿಕ್ಕಿದ್ದರೂ ಅಂಗೈಯಗಲದ ಫೋನಿನಲ್ಲಿ ನೋಡಲು ಅವರು ಒಪ್ಪುತ್ತಿರಲಿಲ್ಲ. ಈ ವರ್ಷ ಅವರ ಮೊಮ್ಮಗಳು, ಕಾಲೇಜು ಓದುವ ಸನಾ, ಮಿಷಿಗನ್ ರಾಜ್ಯದ, ಡೆಟ್ರಾಯಿಟ್ ಪಕ್ಕದ ಪ್ಲಿಮತ್ ಎಂಬ ಊರಿನ ಹಳೆಯ ಥಿಯೇಟರಿನಲ್ಲಿ ಅದನ್ನು ಹಳೆಯ ಮೆಷಿನ್ನಿನಲ್ಲೇ, ರೀಲಿನಲ್ಲೇ ಒಂದೇ ಒಂದು ಆಟ ಹಾಕುತ್ತಾರೆಂದು ಪತ್ತೆ ಮಾಡಿದಳು. ಅಷ್ಟರಲ್ಲಿ ಸಾಬರ ಕಣ್ಣು ಹೋಗಿತ್ತು. ನೋಡಿ ಹೇಳಲು ಒಬ್ಬರು ಬೇಕಲ್ಲ. ಮೇಷ್ಟ್ರನ್ನೇ ಕರೆಸು ಎಂದರಂತೆ. ಶಾಹಿದಾ ಕರೆಸಿದಳು.

ಮೊದಲನೆಯ ದಿನ ಊಟವಾದ ಮೇಲೆ ಸಾಬರು ನನ್ನ ಕೈ ಹಿಡಿದುಕೊಂಡರು.

"ಮೇಷ್ಟ್ರೇ, ಪರದೆ ಮೇಲೆ ಕಂಡಿದ್ದು ಎಷ್ಟೋ ಅಷ್ಟೇ ಹೇಳ್ಬೇಕು. ಒಂದಕ್ಷರ ಕೈಯಿಂದ ಹಾಕ್ಬೇಡಿ. ಆಣೆ ಮಾಡಿ."

ಮಾಡಿದೆ. ಸನಾ ಮೂಲೆಯಲ್ಲಿ ಕೂತು ಇದನ್ನೆಲ್ಲ ಕೇಳುತ್ತಿದ್ದಳು. ಅಜ್ಜನ ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಒಂದು ವಾರದಲ್ಲಿ ಅವಳ ಬಾಯಿಂದ ನಾನು ಕೇಳಿದ ಕನ್ನಡ ಎಂದರೆ ಸಾಕು ಮತ್ತು ಬೇಡ.

ಓಕ್ ಬ್ರೂಕ್

ಹೊಸ ಚಿತ್ರಕ್ಕೆ ಹೊಸ ಅಂಗಿ ಹಾಕಬೇಕು ಎಂಬುದು ಸಾಬರ ಹಳೆಯ ನಿಯಮ. ಹಾಗಾಗಿ ಶಾಹಿದಾ ನಮ್ಮನ್ನು ಓಕ್ ಬ್ರೂಕಿನ ದೊಡ್ಡ ಮಾಲ್‌ಗೆ ಕರೆದುಕೊಂಡು ಹೋದಳು.

ಅಲ್ಲಿ ನನಗೆ ಈ ದೇಶದ ದೊಡ್ಡ ಧರ್ಮ ಯಾವುದೆಂದು ತಿಳಿಯಿತು. ಬಾಗಿಲು ಹಿಡಿಯುವುದು. ಮುಂದೆ ಹೋಗುವವರು ಹಿಂದೆ ಬರುವವರಿಗಾಗಿ ಬಾಗಿಲು ತೆರೆದು ಹಿಡಿದು ನಿಲ್ಲುತ್ತಾರೆ. ಹಿಂದಿನವರು ಅರ್ಧ ಫರ್ಲಾಂಗು ದೂರದಲ್ಲಿದ್ದರೂ ಸರಿ. ಒಬ್ಬ ಪುಣ್ಯಾತ್ಮ ಹಾಗೆ ಹಿಡಿದು ನಿಂತದ್ದನ್ನು ಕಂಡು, ಅವನನ್ನು ಕಾಯಿಸಬಾರದೆಂದು ನನ್ನ ಮಂಡಿನೋವು ಕಟ್ಟಿಕೊಂಡು ಓಡಿದೆ. ನಮ್ಮೂರಿನ ಬಸ್ಸಿನವನು ನನಗಾಗಿ ಒಂದು ಕ್ಷಣ ನಿಂತವನಲ್ಲ.

ಉಪಕಾರಕ್ಕೆ ಪ್ರತ್ಯುಪಕಾರ ಎಂದು, ಮುಂದಿನ ಬಾಗಿಲನ್ನು ನಾನು ಹಿಡಿದೆ. ಒಬ್ಬಳು ತಾಯಿ ಮಗುವಿನ ಗಾಡಿ ತಳ್ಳಿಕೊಂಡು ಬಂದಳು. ಅವಳ ಹಿಂದೆ ಇಬ್ಬರು. ಅವರ ಹಿಂದೆ ಒಂದು ಸಂಸಾರ. ಎಲ್ಲರೂ ಥ್ಯಾಂಕ್ಯೂ ಹೇಳುತ್ತಾರೆ, ಬರುವುದು ಮಾತ್ರ ನಿಲ್ಲಿಸುವುದಿಲ್ಲ. ಯಾರ ಮುಖದ ಮೇಲೆ ಎಂದು ಬಾಗಿಲು ಬಿಡಲಿ? ಕೊನೆಗೆ ಒಬ್ಬಳು ನನ್ನನ್ನು ಅಂಗಡಿಯ ಕಾವಲಿನವನೆಂದು ತಿಳಿದು, ಷೂ ಅಂಗಡಿ ಎಲ್ಲಿ ಎಂದು ಕೇಳಿದಳು. ಶಾಹಿದಾ ವಾಪಸು ಬಂದು ತೋಳು ಹಿಡಿದು ಎಳೆದುಕೊಂಡು ಹೋಗುವವರೆಗೆ ನಾನು ಅಲ್ಲೇ ದ್ವಾರಪಾಲಕನಾಗಿದ್ದೆ.

ಸಾಬರು ಈ ಕಥೆ ಕೇಳಿ ಬಿದ್ದು ಬಿದ್ದು ನಕ್ಕರು. ಆಮೇಲೆ ಗಂಭೀರವಾದರು. "ಇಷ್ಟೊಂದು ಬಾಗ್ಲು ತೆಗೆಯೋ ಜನ ಕಣ್ರೀ ಇವ್ರು. ಅವಳೊಬ್ಬಳು ತೆಗೀದೆ ಇರ್ತಾಳಾ?"

ನನಗೂ ಹಾಗೇ ಅನ್ನಿಸಿ ಸ್ವಲ್ಪ ಧೈರ್ಯ ಬಂತು. ಸಾಬರಿಗೆ ತಿಳಿನೀಲಿ ಅಂಗಿ ಆರಿಸಿದೆವು.

ಪ್ಲಿಮತ್

ಶನಿವಾರ ಸನಾ ನಮ್ಮಿಬ್ಬರನ್ನು ಕೂರಿಸಿಕೊಂಡು ಡ್ರೈವ್ ಮಾಡಿದಳು. ಮುನ್ನೂರು ಮೈಲಿಗೆ ಸ್ವಲ್ಪ ಕಡಿಮೆ. ದಾರಿಯುದ್ದಕ್ಕೂ ಒಬ್ಬರೂ ಹಾರ್ನ್ ಬಾರಿಸಲಿಲ್ಲ, ನಡುವೆ ಒಂದು ದನ ಅಡ್ಡ ಬರಲಿಲ್ಲ. ಇಂಥ ರಸ್ತೆಯಲ್ಲಿ ಮಾತಾಡಲು ವಿಷಯವೇ ಸಿಗದು. ಸಾಬರು ಇಬ್ಬರಿಗೂ ಕೇಳುವಂತೆ ಬಾಗಿಲು ಪಿಕ್ಚರಿನ ಆರು ಡಬ್ಬಿಯ ಕಥೆಯನ್ನು ಹೇಳಿದರು. ಸನಾ ಏಳನೆಯದರಲ್ಲಿ ಏನಾಗುತ್ತದೆಂದು ಕೇಳಲಿಲ್ಲ. ನಾಳೆ ನೋಡೋಣ ಎಂದಳು ಇಂಗ್ಲಿಷಿನಲ್ಲಿ. ರಾತ್ರಿ ಹೋಟೆಲಿನಲ್ಲಿ ತಂಗಿದೆವು.

ಭಾನುವಾರ ಎರಡು ಗಂಟೆಗೆ ಆಟ. ಬೆಳಿಗ್ಗೆಯೇ ಸನಾ ಥಿಯೇಟರಿನವರ ಹತ್ತಿರ ಮಾತಾಡಿ, ಸಾಬರನ್ನು ಮೆಷಿನ್ ಕೋಣೆಗೆ ಕರೆದುಕೊಂಡು ಹೋದಳು. ಅಲ್ಲಿನ ಆಪರೇಟರು ಡಯೇನ್ ಎಂಬ ಹೆಂಗಸು, ತೋಳಿನ ತುಂಬ ಹಚ್ಚೆ. ಸಾಬರು ಮೆಷಿನ್ನಿನ ಮೈಮೇಲೆ ಕೈಯಾಡಿಸಿದರು. ರೀಲು ಹೋಗುವ ಹಾದಿ, ಹಲ್ಲಿನ ಗಾಲಿ, ದೀಪದ ಮುಂದಿನ ಮುಚ್ಚಳ, ಒಂದೊಂದನ್ನೂ ಮುಟ್ಟಿ ಹೆಸರು ಹೇಳಿದರು. ಮುಚ್ಚಳವನ್ನು ಅವರು ತೆರೆಯುತ್ತಿದ್ದ ಬಗೆಯನ್ನು, ಮುಷ್ಟಿ ಮೇಲೆತ್ತಿ ಅಂಗೈ ಬಿಡಿಸಿ ತೋರಿಸಿದರು. ಡಯೇನ್ ತನ್ನ ಕೈಯನ್ನೂ ಹಾಗೇ ಬಿಡಿಸಿದಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರದು, ಆದರೂ ಅರ್ಧ ಗಂಟೆ ಹರಟಿದರು.

ಆಟಕ್ಕೆ ಇನ್ನೂ ಹೊತ್ತಿದೆ, ನೀವಿಬ್ಬರೂ ಎದುರಿನ ಪಾರ್ಕಿನಲ್ಲಿ ಬಿಸಿಲು ಕಾಯಿಸಿಕೊಂಡು ಇರಿ, ಒಂದೂವರೆಗೆ ಬಾಗಿಲ ಹತ್ತಿರ ಬನ್ನಿ ಎಂದು ಹೇಳಿ ಸನಾ ಕಾಫಿ ತರಲು ಹೋದಳು. ನಾವು ಬೆಂಚಿನ ಮೇಲೆ ಕೂತು ಊರಿನ ಮಾತಾಡಿದೆವು. ಗಂಟೆಯೆಷ್ಟು ಮೇಷ್ಟ್ರೇ ಎಂದು ಸಾಬರು ನಾಲ್ಕು ಸಲ ಕೇಳಿದರು. ಕೀಲಿ ಕೊಡುವ ನನ್ನ ಕೈಗಡಿಯಾರ ನೋಡಿ, ಅವಸರವೇನೂ ಇಲ್ಲ, ಈಗ ಹನ್ನೆರಡೂ ಐವತ್ತು ಎಂದೆ. ಅಷ್ಟರಲ್ಲಿ ಸನಾ ಓಡುತ್ತಾ ಬಂದಳು. ಮಿಷಿಗನ್ನಿನ ಗಡಿಯಾರ ಚಿಕಾಗೋದಕ್ಕಿಂತ ಒಂದು ಗಂಟೆ ಮುಂದೆ. ಒಂದೇ ದೇಶದೊಳಗೆ ಊರಿಗೊಂದು ಗಂಟೆ ಇರುತ್ತದೆಂದು ನನಗೇನು ಗೊತ್ತು! ಅರಸೀಕೆರೆಯಲ್ಲಿ ಎರಡು ಹೊಡೆದರೆ ಕಾಶ್ಮೀರದಲ್ಲೂ ಎರಡೇ. ನಲವತ್ತು ವರ್ಷ ಕಾದವರು ಹತ್ತು ನಿಮಿಷದಲ್ಲಿ ತಪ್ಪಿಸಿಕೊಳ್ಳುತ್ತಿದ್ದೆವು. ಸಾಬರನ್ನು ಆ ಕಡೆ ಅವಳು, ಈ ಕಡೆ ನಾನು ಹಿಡಿದು, ಮೂವರೂ ರಸ್ತೆ ದಾಟಿ ಓಡಿದೆವು. ಬಾಗಿಲಲ್ಲಿ ಒಬ್ಬ ನೀಲಿ ಟೋಪಿಯ ಮುದುಕ ನಮಗಾಗಿ ಬಾಗಿಲು ಹಿಡಿದು ನಿಂತಿದ್ದ.

ಡಯೇನ್ ನಮಗೆ ಕೊನೆಯ ಸಾಲು ಕೊಟ್ಟಿದ್ದಳು, ಸರಿಯಾಗಿ ಮೆಷಿನ್ ಕೋಣೆಯ ಕಿಂಡಿಯ ಕೆಳಗೆ. ಮೊದಲು ಒಬ್ಬ ವಯಸ್ಸಾದ ಉಪನ್ಯಾಸಕಿ ಮುಂದೆ ನಿಂತು ಚಿತ್ರದ ಬಗ್ಗೆ ಮಾತಾಡಿದಳು. ಇವತ್ತು ಎಲ್ಲರೂ ಹೊಗಳುವ ಈ ಚಿತ್ರ ಬಿಡುಗಡೆಯಾದಾಗ ಮಣ್ಣುಮುಕ್ಕಿತ್ತಂತೆ. ಕೊನೆ ನೋಡಿ ಜನ ಸಿಟ್ಟಾಗಿ ಗೊಣಗುತ್ತಾ ಎದ್ದು ಹೋಗುತ್ತಿದ್ದರಂತೆ, ಥಿಯೇಟರಿನವರು ವಾರದೊಳಗೆ ತೆಗೆದುಹಾಕಿದರಂತೆ. ಆ ಕೊನೆಯ ದೊಡ್ಡತನ ಅರ್ಥವಾಗಲು ಒಂದು ತಲೆಮಾರು ಬೇಕಾಯಿತು ಎಂದಳು. ನಾನು ಕುರ್ಚಿಯಲ್ಲಿ ಕುಸಿದೆ. ನಮ್ಮೂರಲ್ಲಿ ಜನ ಕಣ್ಣೊರೆಸಿಕೊಂಡ ಕೊನೆಗೆ ಇಲ್ಲಿ ಸಿಟ್ಟಾಗಿದ್ದರು ಎಂದರೆ ಎರಡೂ ಒಂದೇ ಆಗಿರಲಾರದು. ನನ್ನ ಕುರ್ಚಿಯ ಸದ್ದಿನಲ್ಲೇ ಸಾಬರಿಗೂ ಇದು ತಿಳಿಯಿತೆಂದು ಕಾಣುತ್ತದೆ. ನನ್ನ ಮಂಡಿ ಒಮ್ಮೆ ತಟ್ಟಿದರು.

ಚಿತ್ರ ಶುರುವಾಯಿತು. ನಾನು ಸಾಬರ ಕಿವಿಯಲ್ಲಿ ಹೇಳತೊಡಗಿದೆ. ಇಲ್ಲಿನ ಜನ ಸಿನಿಮಾ ನೋಡುವುದು ದೇವಸ್ಥಾನದಲ್ಲಿ ಕೂತ ಹಾಗೆ, ಸದ್ದಿಲ್ಲ, ಶಿಳ್ಳೆ ಇಲ್ಲ, ನಾಯಕಿ ಬಂದರೂ ಒಬ್ಬರೂ ಮಿಸುಕುವುದಿಲ್ಲ. ಮುಂದಿನ ಸಾಲಿನ ನೀಲಿ ಟೋಪಿ ಎರಡು ಸಲ ತಿರುಗಿ ನನ್ನನ್ನು ದುರುಗುಟ್ಟಿ ನೋಡಿತು. ಸನಾ ಬಗ್ಗಿ ಅವನ ಹತ್ತಿರ ಏನೋ ಪಿಸುಗುಟ್ಟಿದಳು. ಆತ ಸಾಬರನ್ನು ನೋಡಿದ, ಟೋಪಿ ತೆಗೆದ, ಆಮೇಲೆ ತಾನೂ ಹಿಂದಕ್ಕೆ ಒರಗಿ ಕನ್ನಡ ಕೇಳುತ್ತಾ ಕೂತ. ಏನು ತಿಳಿಯಿತೋ ದೇವರೇ ಬಲ್ಲ. ಇಂಟರ್ವಲ್ಲಿನಲ್ಲಿ ಹೋಗಿಬಂದರಾಯಿತೆಂದು ಸೋಡಾ ಕುಡಿದಿದ್ದ ನಾನು, ಈ ದೇಶದಲ್ಲಿ ಇಂಟರ್ವಲ್ಲೇ ಇಲ್ಲವೆಂದು ತಿಳಿಯುವಷ್ಟರಲ್ಲಿ ಐದನೆಯ ರೀಲಿಗೆ ಬಂದಿದ್ದೆವು. ಎದ್ದು ಹೋಗುವ ಹಾಗಿಲ್ಲ. ಹಲ್ಲು ಕಚ್ಚಿ ಕೂತೆ.

ಪರದೆಯ ಮೂಲೆಯಲ್ಲಿ ರೀಲು ಬದಲಾಯಿಸುವ ಚುಕ್ಕೆ ಬಂದಾಗ ನಾನು ಹೇಳುವ ಮೊದಲೇ ಸಾಬರು ಕಿಂಡಿಯ ಸದ್ದು ಕೇಳಿ ಬೆರಳು ಎತ್ತುತ್ತಿದ್ದರು. ಐದು ಬೆರಳಾಯಿತು. ಹಿಮ. ಗಂಡ ಬಂದ. ಬಾಗಿಲು ತಟ್ಟಿದ. ಆರನೆಯ ಬೆರಳೆದ್ದಿತು.

ಎಮ್ಮೆ ಬರಲಿಲ್ಲ. ಅವಳು ಬಂದಳು. ಹೊಲಿಗೆ ಮೆಷಿನ್ ನಿಲ್ಲಿಸಿದ್ದಳು. ಬಾಗಿಲನ್ನೇ ನೋಡುತ್ತಿದ್ದಳು. ಇನ್ನೊಮ್ಮೆ ತಟ್ಟಿದ. ಅವಳು ಎದ್ದಳು. ನಡೆದಳು. ಬಾಗಿಲವರೆಗೆ ಹೋದಳು, ಅಗುಳಿಯ ಮೇಲೆ ಕೈಯಿಟ್ಟಳು. ಇಷ್ಟನ್ನೂ ಹೇಳಿದೆ. ಸಾಬರು ನನ್ನ ಮಣಿಕಟ್ಟು ಹಿಡಿದಿದ್ದರು, ಅದು ನೋಯುತ್ತಿತ್ತು.

ಅವಳು ಅಗುಳಿಯಿಂದ ಕೈ ತೆಗೆದಳು. ಮೇಜಿನ ಹತ್ತಿರ ವಾಪಸು ಬಂದಳು. ಎರಡನೆಯ ಬಟ್ಟಲನ್ನು ಎತ್ತಿ, ಬಟ್ಟೆಯಲ್ಲಿ ಒರೆಸಿ, ಕಪಾಟಿನೊಳಗಿಟ್ಟಳು.

ಇಷ್ಟೂ ಹೊತ್ತು ಪರದೆಯ ಮೇಲೆ ಒಂದು ಮಾತಿಲ್ಲ, ಒಂದು ಸದ್ದಿಲ್ಲ. ನಾನೂ ಬಾಯಿ ಮುಚ್ಚಿದ್ದೆ. ಆಗ ನನ್ನ ಮನಸ್ಸಿಗೆ ಏನು ಬಂತೆಂದು ಹೇಳಿಬಿಡುತ್ತೇನೆ. ತೆಗೆದಳು ಎಂದುಬಿಡಲೇ ಎಂದು ಬಂತು. ಕಣ್ಣಿಲ್ಲದ ಗೆಳೆಯ, ಕೊನೆಗಾಲ, ಒಂದು ಮಾತು. ನನಗೂ ಮರ್ಯಾದೆ ಉಳಿಯುತ್ತಿತ್ತು. ಆದರೆ ಆಣೆ ಮಾಡಿದ್ದೆ.

"ಬಟ್ಟಲು ಎತ್ತಿಟ್ಟುಬಿಟ್ಳು, ಸಾಬ್ರೇ."

"ಬಾಗ್ಲು?"

"ತೆಗೀಲಿಲ್ಲ."

ಹೊಲಿಗೆ ಮೆಷಿನ್ನಿನ ಸದ್ದು ಮತ್ತೆ ಶುರುವಾಯಿತು. ಚಿತ್ರ ಮುಗಿಯಿತು. ಸಾಬರು ನನ್ನ ಮಣಿಕಟ್ಟು ಬಿಟ್ಟು, "ಹೊರಗಡೆ ಚಳಿ ಇತ್ತಲ್ಲ, ಪಾಪ" ಎಂದರು.

ನಾನು ಸೋತೆ ಎಂದುಕೊಂಡೆ. ಒಂದು ಊರಿಗೆ ಊರನ್ನೇ ಇಷ್ಟು ವರ್ಷ ನಂಬಿಸಿದ್ದೆನಲ್ಲ ಎಂದು ನಾಚಿಕೆಯಾಯಿತು. ಇನ್ನೊಂದು ತುರ್ತಿಗಾಗಿ ಒಮ್ಮೆ ಓಡಿಹೋಗಿ ಬಂದೆ.

ಬರುವಷ್ಟರಲ್ಲಿ ದೀಪ ಹಾಕಿದ್ದರು. ಜನ ಎದ್ದು ಹೋಗಿರಲಿಲ್ಲ. ಇಲ್ಲಿ ಚಿತ್ರ ಮುಗಿದ ಮೇಲೆ ಕೂತು ಚರ್ಚೆ ಮಾಡುವ ಪದ್ಧತಿ. ಸನಾ ಎದ್ದು ನಿಂತು ಮಾತಾಡುತ್ತಿದ್ದಳು. ಡಬ್ಬಿ, ಎಮ್ಮೆ, ಮೈಕು, ಅಜ್ಜನಿಂದ ಕೇಳಿದ್ದ ಎಲ್ಲವನ್ನೂ ಹೇಳಿಬಿಟ್ಟಿದ್ದಳು. ಜನ ನಗುತ್ತಾ ನನ್ನ ಕಡೆ ತಿರುಗಿದರು. ನೀಲಿ ಟೋಪಿ ಎದ್ದು, ನಾನು ಹುಡುಗನಾಗಿದ್ದಾಗ ಇದೇ ಥಿಯೇಟರಿನಲ್ಲಿ ನಮ್ಮಪ್ಪ ಈ ಕೊನೆ ನೋಡಿ ಬೈದುಕೊಂಡು ಹೊರಗೆ ಹೋಗಿದ್ದ, ನಿಮ್ಮ ಕೊನೆ ಹೇಳಿ, ನಾವೂ ಕೇಳೋಣ ಎಂದ. ಉಪನ್ಯಾಸಕಿ ಮೈಕು ಚಾಚಿದಳು.

ಪರದೆಯ ಮುಂದೆ ಹೋಗಿ ನಿಂತೆ. ಇಂಗ್ಲಿಷಿನಲ್ಲಿ ಶುರು ಮಾಡಿದೆ. ಎರಡು ವಾಕ್ಯ ಸರಿಯಾಗೇ ಬಂತು, ಜೀವ ಮಾತ್ರ ಬರಲಿಲ್ಲ. ಪಾಠ ಒಪ್ಪಿಸಿದ ಹಾಗಿತ್ತು. ನಿಲ್ಲಿಸಿಬಿಟ್ಟೆ.

ಕೊನೆಯ ಸಾಲಿನಿಂದ ಸಾಬರ ದನಿ ಬಂತು. "ಕನ್ನಡದಲ್ಲಿ ಹೇಳಿ ಮೇಷ್ಟ್ರೇ. ಹುಡುಗಿ ಇದಾಳೆ."

ಸನಾ ಬಂದು ನನ್ನ ಪಕ್ಕದಲ್ಲಿ ನಿಂತಳು. "ಹೇಳಿ, ಅಂಕಲ್. ನಂಗೆ ಅರ್ಥ ಆಗತ್ತೆ" ಎಂದಳು. ಅವಳ ಬಾಯಿಂದ ನಾನು ಕೇಳಿದ ಮೊದಲ ಪೂರ್ತಿ ಕನ್ನಡ ಅದು.

ದೀಪ ಆರಿಸಲು ಕೇಳಿಕೊಂಡೆ. ಕತ್ತಲಾಯಿತು. ಅವಳು ಹೊಲಿಗೆ ಮೆಷಿನ್ ನಿಲ್ಲಿಸಿ ಎದ್ದಳು ಎಂದೆ. ಸನಾ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಳು. ಮೂರನೆಯ ವಾಕ್ಯದ ಹೊತ್ತಿಗೆ ನಾನು ಅರಸೀಕೆರೆಯಲ್ಲಿದ್ದೆ. ಅವಳು ಬಾಗಿಲವರೆಗೆ ಹೋದಳು, ಅಗುಳಿಯ ಮೇಲೆ ಕೈಯಿಟ್ಟಳು, ತೆಗೆಯಲಿಲ್ಲ. ಒಳಗಿನಿಂದಲೇ ಗಂಡನಿಗೆ ಒಂದು ಮಾತು ಹೇಳಿದಳು. ಆ ಮಾತು ನಮ್ಮೂರಿನಲ್ಲಿ ಈಗಲೂ ಕೆಲವರಿಗೆ ಬಾಯಿಪಾಠ.

"ಕಂಡಿದ್ದು ಹೇಳ್ದೆ. ಅದಕ್ಕೆ ನಾನು ತಪ್ಪಾಯ್ತು ಅನ್ನಲ್ಲ. ಕಾಫಿ ಸೋಸಿದೀನಿ, ಒಳಗ್ ಬನ್ನಿ."

ಸನಾ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ಕಾಫಿಗೆ ಕೆಲವರು ನಕ್ಕರು.

"ಬಾಗಿಲು ತೆಗೆದಳು" ಎಂದೆ.

ಹಾಗೆನ್ನುವಾಗ, ಕತ್ತಲಲ್ಲಿ ಕೊನೆಯ ಸಾಲಿನ ಸಾಬರು ಎದ್ದು ನಿಂತು ಕಿಂಡಿಯ ಮುಂದೆ ಮುಷ್ಟಿ ಎತ್ತಿ ಅಂಗೈ ಬಿಡಿಸಿದ್ದರು. ಡಯೇನ್ ಕಿಂಡಿಯಿಂದ ನೋಡಿದ್ದಳು, ನನಗೆ ತಿಳಿದದ್ದು ಆಮೇಲೆ. ಮುಚ್ಚಳ ತೆರೆಯಿತು. ನನ್ನ ಬೆನ್ನ ಹಿಂದೆ ಪರದೆಯ ತುಂಬ ಬೆಳಗಾಯಿತು. ನನ್ನ ನೆರಳು ಅಡ್ಡ ಬಂದದ್ದು ಕಂಡು, ಹಳೆಯ ಅಭ್ಯಾಸದಂತೆ ಪಕ್ಕಕ್ಕೆ ಸರಿದೆ.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನೀಲಿ ಟೋಪಿಯವನು ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹಾಕಿದ. ನಮ್ಮೂರ ಟಾಕೀಸಿನ ಅಗ್ಗದ ಗಾಂಧಿ ಕ್ಲಾಸಿನಲ್ಲೂ ಅಂಥ ಶಿಳ್ಳೆ ನಾನು ಕೇಳಿರಲಿಲ್ಲ. ಹುಟ್ಟಿದ ದೇಶದಲ್ಲಿ ಮಣ್ಣುಮುಕ್ಕಿದ ಚಿತ್ರ ಅರಸೀಕೆರೆಯ ಕೊನೆಯೊಂದಿಗೆ ಇಲ್ಲೇ ಗೆದ್ದಿತ್ತು. ನಾನು ಅತ್ತೆ, ನಾಚಿಕೆಯೇನೂ ಆಗಲಿಲ್ಲ.

ಸಾಬರು ಮಾತ್ರ ಚಪ್ಪಾಳೆ ತಟ್ಟುತ್ತಿರಲಿಲ್ಲ. ಪರದೆಯ ಕಡೆ ಮುಖ ಎತ್ತಿ ನಿಂತಿದ್ದರು. ತಿಳಿನೀಲಿ ಅಂಗಿ ಬೆಳ್ಳಗೆ ಕಾಣುತ್ತಿತ್ತು.

"ಮೇಷ್ಟ್ರೇ, ಕಾಣಿಸ್ತಿದೆ" ಎಂದು ಕೂಗಿದರು. ಆಮೇಲೆ ಮೊಮ್ಮಗಳಿಗೆ, "ಸನಾ, ಇನ್ನೊಂದ್ ಸ್ವಲ್ಪ ಹೊತ್ತು ಬಿಟ್ಟಿರು ಅಂತ ಹೇಳಮ್ಮ ಅವ್ರಿಗೆ."

ಸನಾ ಕಿಂಡಿಯ ಕಡೆ ತಿರುಗಿದಳು. ಅವಸರದಲ್ಲಿ ಅವಳು ಕೂಗಿದ್ದು ಕನ್ನಡದಲ್ಲೇ, "ಇರ್ಲಿ, ಇರ್ಲಿ" ಎಂದು. ಡಯೇನ್ ದೀಪ ಹಾಗೇ ಬಿಟ್ಟಿದ್ದಳು.